ಕೊನೆಯ ರಿಪೇರಿ

ಆವತ್ತು ನಾನು ಫೋಟೋ ತೆಗೆಯಲು ಹೊರಟಿದ್ದು ಮರವನ್ನು. ರಸ್ತೆಯಿಂದ ಇನ್ನೂರು ಹೆಜ್ಜೆ ಒಳಗೆ, ಹೊಲದ ಅಂಚಿನಲ್ಲಿ, ಕಲ್ಲಿನದೊಂದು ಉಗ್ರಾಣ. ಅದರ ಮಾಡು ಅರ್ಧ ಕುಸಿದಿತ್ತು. ಕುಸಿದ ಜಾಗದಿಂದ ಒಂದು ಮರ ಎದ್ದು, ಗೋಡೆಗಳನ್ನು ಮೀರಿ ಬೆಳೆದು ನಿಂತಿತ್ತು. ಮಳೆ ಬಿಟ್ಟು ಅರ್ಧ ಗಂಟೆಯಾಗಿತ್ತು, ಎಲೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಕಾರನ್ನು ರಸ್ತೆ ಬದಿಗೆ ನಿಲ್ಲಿಸಿ, ಟ್ರೈಪಾಡ್ ಹೊತ್ತು, ಒದ್ದೆ ಹುಲ್ಲಿನಲ್ಲಿ ಮೊಣಕಾಲವರೆಗೂ ನೆನೆದುಕೊಂಡು ಹೋಗಿ ಹದಿನೇಳು ಫ್ರೇಮ್ ತೆಗೆದೆ. ಕತ್ತಲಾಗುವ ಮುಂಚೆ ಇನ್ನೂ ಎಂಬತ್ತು ಕಿಲೋಮೀಟರ್ ಹೋಗಬೇಕಿತ್ತು. ಹೊರಟುಬಿಟ್ಟೆ.

ಎರಡು ವರ್ಷ ಕಳೆದ ಮೇಲೆ ಒಂದು ರಾತ್ರಿ ಹಳೆಯ ಹಾರ್ಡ್ ಡಿಸ್ಕ್ ತೆರೆದು ಬೇಡದ ಫೈಲುಗಳನ್ನು ಅಳಿಸುತ್ತ ಕೂತಿದ್ದೆ. ಆ ಹದಿನೇಳರಲ್ಲಿ ಒಂದು ಫ್ರೇಮ್ ಸ್ವಲ್ಪ ವಾಲಿ ಬಂದಿತ್ತು. ಅಳಿಸುವ ಮೊದಲು ಸುಮ್ಮನೆ ದೊಡ್ಡದು ಮಾಡಿ ನೋಡಿದೆ. ಎಡಗಡೆ ಕೆಳಮೂಲೆಯಲ್ಲಿ ಉಗ್ರಾಣದ ಕದ. ಕದದ ಕೆಳಗಿನ ಮೂಲೆಗೆ ಒಂದು ತಗಡಿನ ತೇಪೆ.

ಎಣ್ಣೆ ಡಬ್ಬವನ್ನು ಕತ್ತರಿಸಿ ಮಾಡಿದ ತೇಪೆ ಅದು. ಡಬ್ಬದ ಮೇಲಿದ್ದ ಅಕ್ಷರಗಳ ಬಣ್ಣ ಒಂದು ಮೂಲೆಯಲ್ಲಿ ಮಾಸಿ ಮಾಸಿ ಉಳಿದಿತ್ತು. ಇಲಿ ಕಡಿದ ತೂತನ್ನು ಮುಚ್ಚಲು ಹಾಕಿದ್ದಿರಬೇಕು. ತಗಡಿನ ಅಂಚುಗಳನ್ನು ಹಾಗೇ ಬಿಟ್ಟಿರಲಿಲ್ಲ. ಕದ ತೆಗೆಯುವಾಗ ಯಾರ ಕಾಲಿಗೂ ಕೊಯ್ಯದಿರಲಿ ಎಂದು ಒಂದು ಬೆರಳಗಲ ಒಳಕ್ಕೆ ಮಡಚಿ, ಸುತ್ತಿಗೆಯಿಂದ ತಟ್ಟಿ ಸಮ ಮಾಡಿದ್ದರು. ಸುತ್ತಲೂ ಮೊಳೆಗಳು, ಅಳತೆ ಹಿಡಿದು ಹೊಡೆದ ಹಾಗೆ. ಉಗ್ರಾಣ ಎಂದು ನಾನು ಫೋಟೋ ತೆಗೆದ ಆ ಕಟ್ಟಡದಲ್ಲಿ ಯಾರೋ ಒಬ್ಬರು ಮೊಣಕಾಲೂರಿ ಕೂತು, ಬಾಯಲ್ಲಿ ಮೊಳೆ ಕಚ್ಚಿಕೊಂಡು, ಒಂದು ಮಧ್ಯಾಹ್ನವನ್ನು ಈ ಮೂಲೆಗೆ ಕೊಟ್ಟಿದ್ದರು. ಅದನ್ನು ನಾನು ಎರಡು ವರ್ಷ ನೋಡಿಯೇ ಇರಲಿಲ್ಲ. ಮರದ ಚಿತ್ರ ಆಮೇಲೆ ನನಗೆ ರುಚಿಸಲಿಲ್ಲ.

ಅಲ್ಲಿಯವರೆಗೆ ನನ್ನ ಬಳಿ ಇದ್ದದ್ದೆಲ್ಲ ಒಂದೇ ಬಗೆಯ ಫೋಟೋಗಳು. ಒಡೆದ ಗಾಜು, ಕಿಟಕಿಯಿಂದ ನುಗ್ಗಿದ ಬಳ್ಳಿ, ಧೂಳಿನಲ್ಲಿ ಬಿದ್ದ ಬಿಸಿಲುಕೋಲು, ಮಗುಚಿದ ಕುರ್ಚಿ. ಎಂಟು ವರ್ಷ ಹೀಗೇ ಅಲೆದಿದ್ದೆ. ಬೇರೆ ಬೇರೆ ರಸ್ತೆಗಳಲ್ಲಿ ತೆಗೆದವು. ಆದರೂ ಪಕ್ಕಪಕ್ಕ ಇಟ್ಟರೆ ಯಾವುದು ಎಲ್ಲಿಯದು ಎಂದು ನನಗೇ ಗುರುತು ಹತ್ತುತ್ತಿರಲಿಲ್ಲ. ಹಾಳಾದ ಮೇಲೆ ಶಾಲೆ, ಗಿರಣಿ, ಮನೆ ಎಲ್ಲಕ್ಕೂ ಒಂದೇ ಮುಖ ಬಂದುಬಿಡುತ್ತದೆ. ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದು ಅದನ್ನು ಉಳಿಸಿಕೊಳ್ಳಲು ಅಲ್ಲಿನವರು ಮಾಡಿದ ಕೆಲಸ. ಇಂಥ ಚಿತ್ರಗಳ ಕೆಳಗೆ 'ದೆವ್ವದ ಮನೆ' ಎಂದು ಬರೆಯುವವರನ್ನು ಕಂಡರೆ ಈಗಲೂ ಸಂಕಟವಾಗುತ್ತದೆ. ಅಲ್ಲಿ ಬಾಳಿದವರು ಇನ್ನೂ ಬದುಕಿರಬಹುದು. ತಮ್ಮ ಅಡುಗೆಮನೆಯನ್ನು ಅಪರಿಚಿತರು ದೆವ್ವದ ಮನೆ ಎನ್ನುವುದನ್ನು ಅವರು ಓದಬಹುದು.

ಆ ತೇಪೆ ಕಂಡ ಮೇಲೆ ನಾನು ಹುಡುಕುವ ವಸ್ತುವೇ ಬದಲಾಯಿತು. ಪ್ರತಿ ಪಾಳುಕಟ್ಟಡದಲ್ಲೂ ಕೊನೆಯ ರಿಪೇರಿ ಎಂಬುದೊಂದು ಇದ್ದೇ ಇರುತ್ತದೆ. ಅದಾದ ಮೇಲೆ ಯಾರೂ ಸುತ್ತಿಗೆ ಎತ್ತಲಿಲ್ಲ, ಏಣಿ ಹಾಕಲಿಲ್ಲ, ಸುಣ್ಣ ಕಲಸಲಿಲ್ಲ. ಜನ ಆಮೇಲೆ ಇನ್ನೂ ಹತ್ತು ವರ್ಷ ಅಲ್ಲೇ ಇದ್ದಿರಬಹುದು. ಆದರೆ ಕಟ್ಟಡ ಒಂಟಿಯಾದದ್ದು ಆ ದಿನದಿಂದ. ಅದನ್ನು ಹುಡುಕಿ ತೆಗೆಯುವುದೇ ನನ್ನ ಕೆಲಸ ಎಂದುಕೊಂಡೆ.

ಇದಕ್ಕಾಗಿ ಕಟ್ಟಡ ಹೇಗೆ ಬೀಳುತ್ತದೆ ಎಂದು ಕಲಿಯಬೇಕಾಯಿತು. ಬೀಳುವುದು ಸಾಮಾನ್ಯವಾಗಿ ಮೇಲಿನಿಂದ. ಮಾಡು ಗಟ್ಟಿಯಿದ್ದರೆ ಯಾರೂ ಇಲ್ಲದ ಕಲ್ಲಿನ ಗೋಡೆ ತಲೆಮಾರುಗಟ್ಟಲೆ ನಿಲ್ಲುತ್ತದೆ. ಗಾಳಿಗೆ ಒಂದು ಹೆಂಚು ಸರಿಯುತ್ತದೆ. ಆ ಸಂದಿನಿಂದ ಇಳಿದ ನೀರು ಜಂತಿಯ ತುದಿಗೆ, ಅದು ಗೋಡೆಯಲ್ಲಿ ಕೂರುವ ಕಡೆಗೇ ಹೋಗುತ್ತದೆ. ಅಲ್ಲಿ ಗಾಳಿಯಾಡುವುದಿಲ್ಲ, ಬೇಗ ಒಣಗುವುದಿಲ್ಲ. ಮರದಲ್ಲಿ ತೇವಾಂಶ 20 ಶೇಕಡಾದ ಕೆಳಗಿರುವವರೆಗೆ ಕೊಳೆಸುವ ಶಿಲೀಂಧ್ರಕ್ಕೆ ಅಲ್ಲಿ ಬದುಕಿಲ್ಲ. ಅದಕ್ಕಿಂತ ಮೇಲೇರಿ ಹಾಗೇ ನಿಂತರೆ ಕೊಳೆಯುವ ದಾರಿ ತೆರೆಯುತ್ತದೆ. ಜಂತಿ ಬಗ್ಗುತ್ತದೆ, ಬಗ್ಗಿದ್ದಕ್ಕೆ ಪಕ್ಕದ ಹೆಂಚುಗಳೂ ಜಾರುತ್ತವೆ, ಈಗ ನೀರು ಗೋಡೆಯ ನೆತ್ತಿಗೇ ಬೀಳುತ್ತದೆ. ಗೋಡೆಯೊಳಗಿನ ಕಬ್ಬಿಣದ ಕೊಂಡಿ ತುಕ್ಕು ಹಿಡಿದು ಉಬ್ಬುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಎಷ್ಟೋ ಪಾಲು ಹೆಚ್ಚು ಜಾಗ ಬೇಕು, ಅದು ಕಲ್ಲನ್ನೇ ಸೀಳುತ್ತದೆ. ಸೀಳಿದ ಸಂದಿಗೆ ಹಕ್ಕಿ ಹಾಕಿದ ಬೀಜ ಬೀಳುತ್ತದೆ. ನಾನು ಅಷ್ಟು ಆಸೆಪಟ್ಟು ತೆಗೆದ ಮರ ಬಂದದ್ದು ಹೀಗೆ.

ಶುರುವಿನಲ್ಲಿ ಸರಿದ ಆ ಒಂದು ಹೆಂಚನ್ನು ಸರಿ ಕೂರಿಸಲು ಏಣಿ ಇದ್ದವರಿಗೆ ಹತ್ತು ನಿಮಿಷ ಸಾಕು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತೇವೆ. ಕಟ್ಟಿದ್ದನ್ನು ಕಾದುಕೊಳ್ಳುವ ಕಷ್ಟಕ್ಕೆ ಗಾದೆಯಿಲ್ಲ. ವರ್ಷಕ್ಕೆ ನಾಲ್ಕು ಸಲ ಏಣಿ ಹತ್ತಿದವರ ಲೆಕ್ಕ ಯಾರೂ ಇಟ್ಟಿಲ್ಲ. ಮನೆ ನಿಂತಿದ್ದದ್ದು ಮಾತ್ರ ಅವರಿಂದಲೇ.

ಹಳೆಯ ಸುಣ್ಣದ ಗಾರೆಯ ಬಗ್ಗೆ ಓದಿದಾಗ ಇನ್ನೊಂದು ವಿಷಯ ತಿಳಿಯಿತು. ಸುಣ್ಣದ ಗಾರೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟರೆ, ಅದರೊಳಕ್ಕೆ ಇಳಿದ ನೀರು ಸ್ವಲ್ಪ ಸುಣ್ಣವನ್ನು ಕರಗಿಸುತ್ತದೆ. ಆ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಗಟ್ಟಿಯಾಗಿ ಬಿರುಕನ್ನು ಮುಚ್ಚುತ್ತದೆ. ಮನುಷ್ಯರು ಹೋದ ಮೇಲೂ ಗೋಡೆ ತನ್ನಷ್ಟಕ್ಕೆ ತಾನು ಸಣ್ಣಪುಟ್ಟ ರಿಪೇರಿ ಮಾಡಿಕೊಳ್ಳುತ್ತಿರುತ್ತದೆ. ಅಂಥ ಗೋಡೆಯ ಮೇಲೆ ಯಾರೋ ಒಳ್ಳೆಯ ಮನಸ್ಸಿನಿಂದಲೇ ಸಿಮೆಂಟು ಬಳಿದಿರುತ್ತಾರೆ. ಸಿಮೆಂಟು ನೀರನ್ನು ಹೊರಗೆ ಬಿಡುವುದಿಲ್ಲ, ಒಳಗೇ ಕೂಡಿಹಾಕುತ್ತದೆ. ಹಳೆಯ ಮೃದು ಇಟ್ಟಿಗೆ ಅದರ ಹಿಂದೆ ಪುಡಿಯಾಗುತ್ತದೆ. ಹಾಳೆ ಹಾಳೆಯಾಗಿ ಕಳಚಿದ ಸಿಮೆಂಟು, ಅದರ ಹಿಂದೆ ತಿಂದುಹೋದ ಇಟ್ಟಿಗೆ. ಇಂಥ ಗೋಡೆಯನ್ನು ತೆಗೆಯುವಾಗ ನನಗೆ ಯಾರ ಮೇಲೂ ದೂರು ಹೇಳಬೇಕೆನಿಸುವುದಿಲ್ಲ. ಉಳಿಸಿಕೊಳ್ಳಲು ಹೋಗಿಯೇ ಅವರು ಅದನ್ನು ಕಳೆದುಕೊಂಡಿದ್ದರು.

ಈ ಹುಡುಕಾಟದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಮೊಳೆ. ಮೊಳೆ ನೋಡಿ ರಿಪೇರಿಯ ಕಾಲ ಅಂದಾಜು ಮಾಡಬಹುದು. ಕಮ್ಮಾರ ಕುಲುಮೆಯಲ್ಲಿ ಬಡಿದು ಮಾಡಿದ ಮೊಳೆ ನಾಲ್ಕೂ ಕಡೆಯಿಂದ ತುದಿಗೆ ಸಣ್ಣದಾಗುತ್ತ ಹೋಗುತ್ತದೆ, ತಲೆ ವಕ್ರವಾಗಿರುತ್ತದೆ, ಒಂದರಂತೆ ಇನ್ನೊಂದಿರುವುದಿಲ್ಲ. 18ನೇ ಶತಮಾನದ ಕೊನೆಗೆ ಯಂತ್ರಗಳು ಬಂದು ಕಬ್ಬಿಣದ ತಗಡಿನಿಂದ ಮೊಳೆ ಕತ್ತರಿಸತೊಡಗಿದವು. ಅವು ಎರಡೇ ಕಡೆ ಸಣ್ಣದಾಗುತ್ತವೆ, ತುದಿ ಮೊಂಡು. ಇವತ್ತು ನಾವೆಲ್ಲ ಬಳಸುವ ದುಂಡು ತಂತಿಮೊಳೆ 19ನೇ ಶತಮಾನದ ಕೊನೆಯ ದಶಕಗಳಲ್ಲಿ ಉಳಿದವನ್ನೆಲ್ಲ ಬದಿಗೆ ಸರಿಸಿತು. ತಲೆಯ ಮೇಲೆ ಕೂಡುಚಿಹ್ನೆಯ ಸೀಳಿರುವ ಸ್ಕ್ರೂ ಕಂಡರೆ ಅದು 1930ರ ದಶಕಕ್ಕಿಂತ ಹಿಂದಿನದಲ್ಲ. ತಗಡಿಗೂ ಹೀಗೇ ಇತಿಹಾಸವಿದೆ. ಅಲೆ ಅಲೆಯ ತಗಡಿಗೆ ಲಂಡನ್ನಿನಲ್ಲಿ ಎಂಜಿನಿಯರ್ ಹೆನ್ರಿ ರಾಬಿನ್ಸನ್ ಪಾಮರ್ ಪೇಟೆಂಟ್ ಪಡೆದದ್ದು 1829ರಲ್ಲಿ. ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಫ್ರಾನ್ಸಿನ ಸ್ತಾನಿಸ್ಲಾ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದರು. ಇವೆರಡೂ ಕೂಡಿದ ಮೇಲೆ ಪ್ರಪಂಚದ ಮೂಲೆಮೂಲೆಯ ಹಳ್ಳಿಗಳಲ್ಲಿ ಹುಲ್ಲು, ಹಲಗೆ, ಹೆಂಚಿನ ಮಾಡುಗಳ ಮೇಲೆ ತಗಡು ಬಂದು ಕೂತಿತು.

ಒಮ್ಮೆ ಒಂದು ತೋಟದ ಮನೆಯಲ್ಲಿ ಇದೆಲ್ಲ ಒಂದೇ ಮಾಡಿನಲ್ಲಿ ಸಿಕ್ಕಿತ್ತು. ಕೊಳೆತ ತೊಲೆಯ ತುದಿಯನ್ನು ಕೊಯ್ದು ತೆಗೆದು, ಹೊಸ ಮರದ ತುಂಡನ್ನು ಓರೆಯಾಗಿ ಕಚ್ಚು ಕೊಟ್ಟು ಕೂಡಿಸಿ, ಮರದ ಗೂಟ ಹೊಡೆದ ಬೆಸುಗೆಯೊಂದಿತ್ತು. ಅದನ್ನು ಮಾಡಿದವನಿಗೆ ಕೈಯಲ್ಲಿ ಕೆಲಸವಿತ್ತು, ಜೊತೆಗೆ ತೊಲೆ ಎತ್ತಿ ಹಿಡಿಯಲು ಮೂರು ನಾಲ್ಕು ಜನ ಇದ್ದರು. ಅದರ ಪಕ್ಕದ ತೊಲೆಗೆ ಎರಡು ಹಲಗೆ ಜೋಡಿಸಿ ತಂತಿಮೊಳೆ ಹೊಡೆದಿದ್ದರು, ಇಬ್ಬರು ಸಾಕು. ಮೂರನೆಯದಕ್ಕೆ ಕೆಳಗಿನಿಂದ ಒಂದು ಕಂಬ ಆನಿಸಿದ್ದರು, ಒಬ್ಬರೇ ಮಾಡಬಹುದು. ಕೊನೆಗೆ ನೀಲಿ ಪ್ಲಾಸ್ಟಿಕ್ ಟಾರ್ಪಾಲು, ತಂತಿಯಿಂದ ಬಿಗಿದದ್ದು. ಅದೂ ಒಂದೇ ಕೋಣೆಯ ಮೇಲೆ. ಆ ಮನೆಯ ಜನ ಹೇಗೆ ಕಡಿಮೆಯಾಗುತ್ತ ಬಂದರು, ಉಳಿದವರಿಗೆ ಹೇಗೆ ವಯಸ್ಸಾಯಿತು, ಕೊನೆಗೆ ಉಳಿದವರು ಯಾವ ಕೋಣೆಯಲ್ಲಿ ಮಲಗುತ್ತಿದ್ದರು ಎಂಬುದನ್ನೆಲ್ಲ ಆ ಮಾಡೇ ಹೇಳುತ್ತಿತ್ತು. ಟಾರ್ಪಾಲಿನ ಗಂಟು ನನ್ನ ಎದೆಮಟ್ಟದಲ್ಲಿತ್ತು. ಏಣಿ ಹತ್ತಲಾಗದವರು ಕೈಗೆ ಎಟುಕಿದಲ್ಲಿ ಕಟ್ಟಿದ ಗಂಟು. ಅದರ ಮುಂದೆ ತುಂಬ ಹೊತ್ತು ನಿಂತಿದ್ದೆ, ಕ್ಯಾಮೆರಾ ತೆಗೆಯುವುದಕ್ಕೆ ಮನಸ್ಸೇ ಆಗಲಿಲ್ಲ. ಆಮೇಲೆ ತೆಗೆದೆ. ತೆಗೆಯದೆ ಬಂದಿದ್ದರೆ ಆ ಗಂಟಿಗೆ ನನ್ನನ್ನು ಬಿಟ್ಟು ಬೇರೆ ಸಾಕ್ಷಿ ಇರುತ್ತಿರಲಿಲ್ಲ.

ಇಂಥದ್ದನ್ನು ತೆಗೆಯಲು ಬೆಳಕು ಬೇರೆಯೇ ಬೇಕು. ಸಂಜೆಯ ಹೊಂಬಣ್ಣ ಇಡೀ ಕಟ್ಟಡಕ್ಕೆ ಚೆನ್ನ. ತೇಪೆಗೆ, ಉಳಿಯ ಗುರುತಿಗೆ, ಮೊಳೆಯ ತಲೆಗೆ ಬೇಕಾದದ್ದು ಓರೆ ಬೆಳಕು. ಗೋಡೆಗೆ ಬಹುತೇಕ ಸವರಿಕೊಂಡೇ ಹೋಗುವಂತೆ ಬದಿಯಿಂದ ಬಿದ್ದ ಬೆಳಕಿನಲ್ಲಿ ಕೂದಲೆಳೆಯಷ್ಟು ಉಬ್ಬು ತಗ್ಗಿಗೂ ನೆರಳು ಹುಟ್ಟುತ್ತದೆ. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಅದೆಲ್ಲ ಅಳಿಸಿಹೋಗುತ್ತದೆ. ಆದ್ದರಿಂದ ಫ್ಲ್ಯಾಶನ್ನು ಮನೆಯಲ್ಲೇ ಬಿಟ್ಟು ಒಂದು ಸಣ್ಣ ಟಾರ್ಚ್ ಒಯ್ಯುತ್ತೇನೆ. ಕ್ಯಾಮೆರಾ ಟ್ರೈಪಾಡಿನ ಮೇಲೆ, ಬೆಳಕಿಗೆ ಅದರ ಸೂಕ್ಷ್ಮತೆ, ಅಂದರೆ ಐಎಸ್ಒ, 100; ಬೆಳಕು ಬರುವ ಕಿಂಡಿ, ಅಂದರೆ ಅಪರ್ಚರ್, ಎಫ್ 8; ಶಟರ್ ನಾಲ್ಕೋ ಎಂಟೋ ಸೆಕೆಂಡು ತೆರೆದಿರುತ್ತದೆ. ಆ ಹೊತ್ತಿನಲ್ಲಿ ಟಾರ್ಚನ್ನು ಗೋಡೆಯ ಪಕ್ಕದಿಂದ ನಿಧಾನ ಆಡಿಸುತ್ತೇನೆ. ಪರದೆಯ ಮೇಲೆ ಚಿತ್ರ ಮೂಡಿದಾಗ ಕಣ್ಣಿಗೆ ಕಾಣದಿದ್ದ ಸುತ್ತಿಗೆ ಪೆಟ್ಟುಗಳೆಲ್ಲ ಎದ್ದು ಬಂದಿರುತ್ತವೆ. ಗುರಿ ತಪ್ಪಿ ಮರಕ್ಕೆ ಬಿದ್ದ ಪೆಟ್ಟೂ ಕಾಣುತ್ತದೆ.

ಕಿಟಕಿ ಇರುವ ಕತ್ತಲ ಕೋಣೆ ಕಷ್ಟ. ಹೊರಗಿನ ಬಿಸಿಲನ್ನೂ ಒಳಗಿನ ಮೂಲೆಯನ್ನೂ ಒಂದು ಸಲ ಒಳಬಿಟ್ಟ ಬೆಳಕು, ಅಂದರೆ ಒಂದೇ ಎಕ್ಸ್‌ಪೋಷರ್ ಹಿಡಿಯುವುದಿಲ್ಲ. ಐದು ಎಕ್ಸ್‌ಪೋಷರ್ ಕೂಡಿಸಿ ಎಲ್ಲವನ್ನೂ ಬೆಳಗಿಸುವ ದಾರಿಯನ್ನು ನಾನೂ ಕೆಲವು ವರ್ಷ ಹಿಡಿದಿದ್ದೆ. ಈಗ ಬಿಟ್ಟಿದ್ದೇನೆ. ಕತ್ತಲ ಕೋಣೆ ಕತ್ತಲಾಗಿಯೇ ಇರಬೇಕು; ಅಲ್ಲಿ ಬದುಕಿದವರು ಆ ಕತ್ತಲಿನಲ್ಲೇ ಕೈಗೆ ಬೇಕಾದದ್ದನ್ನು ತಡಕಿ ತೆಗೆಯುತ್ತಿದ್ದರು. ಮೋಡ ಕವಿದ ದಿನ ಸಿಕ್ಕರೆ ಒಳಗೆ ಹೊರಗೆ ಹತ್ತಿರ ಬರುತ್ತವೆ. ಅಂಥ ದಿನಗಳಿಗಾಗಿ ಪ್ರಯಾಣವನ್ನೇ ಹಿಂದೆ ಮುಂದೆ ಮಾಡುತ್ತೇನೆ. ಜರ್ಮನಿಯ ಬೆರ್ನ್ಟ್ ಮತ್ತು ಹಿಲ್ಲಾ ಬೆಷರ್ ದಂಪತಿ 1959ರಿಂದ ದಶಕಗಳ ಕಾಲ ಗಣಿ ಗೋಪುರ, ನೀರಿನ ಟ್ಯಾಂಕು, ಕುಲುಮೆಗಳನ್ನು ಇಂಥ ಬೂದು ಆಕಾಶದ ಕೆಳಗೇ ತೆಗೆದರು. ನೆರಳಿನ ನಾಟಕವಿಲ್ಲದಿದ್ದಾಗ ಕಟ್ಟಡ ತನ್ನ ಮಾತು ತಾನೇ ಆಡುತ್ತದೆ.

ಹಳ್ಳಿಯ ಕಟ್ಟಡ ಮತ್ತು ಕ್ಯಾಮೆರಾ, ಇವೆರಡರ ನಂಟು ಫೋಟೋಗ್ರಫಿಯಷ್ಟೇ ಹಳೆಯದು. ಉಳಿದಿರುವ ಅತ್ಯಂತ ಹಳೆಯ ಕ್ಯಾಮೆರಾ ಚಿತ್ರವನ್ನು ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1827ರ ಆಸುಪಾಸಿನಲ್ಲಿ ತೆಗೆದದ್ದು ತನ್ನ ಹಳ್ಳಿಮನೆಯ ಮಹಡಿ ಕಿಟಕಿಯಿಂದ. ಡಾಂಬರಿನ ಜಾತಿಯ ವಸ್ತು ಬಳಿದ ಲೋಹದ ತಗಡಿನ ಮೇಲೆ ಮೂಡಿದ್ದು ಪಾರಿವಾಳದ ಗೂಡಿನ ಗೋಪುರ, ಕೊಟ್ಟಿಗೆಯ ಇಳಿಜಾರು ಮಾಡು, ಮನೆಯ ಇನ್ನೊಂದು ಮಗ್ಗುಲು. ಎಕ್ಸ್‌ಪೋಷರಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ ಸೂರ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದು ಎರಡೂ ಬದಿಯ ಗೋಡೆಗಳ ಮೇಲೆ ಬಿಸಿಲು ಬಿದ್ದಿದೆ. ಅಂಗಳದಲ್ಲಿ ಓಡಾಡಿದ ಯಾರೂ ಅದರಲ್ಲಿ ಇಲ್ಲ, ನಿಲ್ಲದವರನ್ನು ಅದು ಹಿಡಿಯಲಾರದು. ಹಾಗಾಗಿ ಮೊಟ್ಟಮೊದಲ ಚಿತ್ರವೇ ಖಾಲಿ ಮನೆಯ ಚಿತ್ರದಂತೆ ಕಾಣುತ್ತದೆ. ಆ ಕಾಲದಲ್ಲಿ ಆ ಮನೆಯಲ್ಲಿ ಜನ ಬಾಳುತ್ತಿದ್ದರು.

1851ರಲ್ಲಿ ಫ್ರಾನ್ಸಿನ ಸರ್ಕಾರ ಐವರು ಫೋಟೋಗ್ರಾಫರುಗಳನ್ನು ದೇಶದ ಬೇರೆ ಬೇರೆ ದಿಕ್ಕುಗಳಿಗೆ ಕಳಿಸಿತು. ಬಾಲ್ದ್ಯು, ಬಯಾರ್, ಲ ಗ್ರೇ, ಲ ಸೆಕ್ ಮತ್ತು ಮೆಸ್ತ್ರಾಲ್. ಹಳೆಯ ಕಟ್ಟಡಗಳ ಸ್ಥಿತಿ ಹೇಗಿದೆ, ಯಾವುದಕ್ಕೆ ರಿಪೇರಿ ಬೇಕು ಎಂದು ತಿಳಿಯುವುದು ಉದ್ದೇಶ. ಭಾರದ ಪೆಟ್ಟಿಗೆ, ರಾಸಾಯನಿಕದ ಬಾಟಲಿಗಳನ್ನು ಹೇರಿಕೊಂಡು ಊರೂರು ತಿರುಗಿ ಅವರು ತೆಗೆದ ಚಿತ್ರಗಳಲ್ಲಿ ಹೆಚ್ಚಿನವು ಆಗ ಪ್ರಕಟವಾಗದೆ ಉಳಿದವು. ಕ್ಯಾಮೆರಾ ಹಿಡಿದು ಹಾಳುಕಟ್ಟಡ ಹುಡುಕುತ್ತ ರಸ್ತೆಗಿಳಿದವರ ಸಾಲಿನಲ್ಲಿ ಇವರೇ ಮೊದಲಿಗರು ಎಂದು ನಾನು ನಂಬಿದ್ದೇನೆ. ಅವರು ಹುಡುಕಿದ್ದು ರಿಪೇರಿ ಮಾಡಬೇಕಾದ ಕಟ್ಟಡಗಳನ್ನು ಎಂಬುದು ನನಗೆ ತುಂಬ ಹಿತವಾದ ಸಂಗತಿ.

ಇವರೆಲ್ಲರಿಗಿಂತ ನನಗೆ ಹತ್ತಿರದವರು ಅಮೆರಿಕದ ವಿಲಿಯಂ ಕ್ರಿಸ್ಟನ್‌ಬೆರಿ. ಅಲಬಾಮಾದ ಹೇಲ್ ಕೌಂಟಿಯ ಅವೇ ಕಟ್ಟಡಗಳ ಮುಂದೆ 1960ರ ದಶಕದಿಂದ ವರ್ಷ ವರ್ಷವೂ ಹೋಗಿ ನಿಂತವರು. ಶುರುವಿನಲ್ಲಿ ಅವರ ಕೈಯಲ್ಲಿದ್ದದ್ದು ಆಗ ಮಕ್ಕಳೂ ಬಳಸುತ್ತಿದ್ದ ಬ್ರೌನಿ ಕ್ಯಾಮೆರಾ. ಒಂದು ಉಗ್ರಾಣ, ಒಂದು ಅಂಗಡಿ, ಒಂದು ಗುಡಿಸಲು. ಬಣ್ಣ ಮಾಸುವುದು, ಬಳ್ಳಿ ಏರುವುದು, ಕೊನೆಗೆ ಬರೀ ನೆಲ. ಅವರು ಮತ್ತೆ ಮತ್ತೆ ತೆಗೆದ ಒಂದು ಹಳೆಯ ಅಂಗಡಿಯ ಕಿಟಕಿಯಲ್ಲಿ ಹಸ್ತಸಾಮುದ್ರಿಕರ ಬೋರ್ಡೊಂದು ತಲೆಕೆಳಗಾಗಿ ಕೂತಿದೆ. ಅಂಗೈಯ ಚಿತ್ರ, ಬೆರಳುಗಳು ಕೆಳಕ್ಕೆ. ಒಡೆದ ಕಿಟಕಿ ಮುಚ್ಚಲು ಯಾರೋ ಸಿಕ್ಕಿದ ಹಲಗೆಯನ್ನು ಸಿಕ್ಕಿದ ಹಾಗೆ ಇಟ್ಟಿದ್ದರು. ಅದೂ ಒಂದು ರಿಪೇರಿಯೇ.

ಹೋದಲ್ಲಿಗೇ ಮತ್ತೆ ಹೋಗಬೇಕು ಎಂಬುದನ್ನು ನಾನು ಕಲಿತದ್ದು ಅವರಿಂದ. ಪ್ರಯಾಣ ಹೊರಟವರಿಗೆ ಇದು ಕಠಿಣ. ರಸ್ತೆ ಯಾವಾಗಲೂ ಹೊಸದನ್ನೇ ತೋರಿಸುತ್ತದೆ. ಹೆದ್ದಾರಿ ಬಿಟ್ಟು ಹಳೆಯ ರಸ್ತೆ ಹಿಡಿದರೆ ಸಾಕು, ಗುರುತುಗಳು ತಾವಾಗಿ ಸಿಗುತ್ತವೆ. ಬಯಲ ನಡುವೆ ಮನೆಯಿಲ್ಲದೆ ಸಾಲಾಗಿ ನಿಂತ ಮರಗಳು. ಮರ ತಾನಾಗಿ ಸಾಲು ಕಟ್ಟುವುದಿಲ್ಲ. ಕಂಬದವರೆಗೆ ಬಂದು ಅಲ್ಲೇ ಕಡಿದು ನಿಂತ ವಿದ್ಯುತ್ ತಂತಿ. ಹುಲ್ಲಿನಲ್ಲಿ ಎರಡು ಚಕ್ರದ ದಾರಿಯ ತಗ್ಗು, ಒಂದು ಕಡೆ ಕಾರಣವಿಲ್ಲದೆ ತಿರುಗಿರುವುದು. ಮನುಷ್ಯರು ನೆಟ್ಟ ಹೂಬಳ್ಳಿಯೊಂದು ಕಾಡುಗಿಡಗಳ ನಡುವೆ ಅರಳಿರುವುದು. ಇವುಗಳಲ್ಲಿ ಯಾವುದು ಕಂಡರೂ ಕಾಲು ಬ್ರೇಕಿಗೆ ಹೋಗುತ್ತದೆ.

ಬಿಟ್ಟುಹೋಗುವುದರಲ್ಲೂ ಬಗೆಗಳಿವೆ. ಇಂಗ್ಲೆಂಡಿನ ಟೈನ್‌ಹ್ಯಾಮ್ ಹಳ್ಳಿಯನ್ನು 1943ರ ಡಿಸೆಂಬರಿನಲ್ಲಿ ಸೈನ್ಯದ ತರಬೇತಿಗಾಗಿ ಖಾಲಿ ಮಾಡಿಸಿದರು. ಹೊರಟವರು ಚರ್ಚಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋದರು: ಚರ್ಚನ್ನೂ ಮನೆಗಳನ್ನೂ ಜೋಪಾನವಾಗಿ ನೋಡಿಕೊಳ್ಳಿ, ನಾವು ಒಂದು ದಿನ ಮರಳಿ ಬರುತ್ತೇವೆ ಎಂಬ ಅರ್ಥದ್ದು. ಅವರಿಗೆ ಮರಳಿ ಬದುಕಲು ಅವಕಾಶ ಸಿಗಲೇ ಇಲ್ಲ. ನಮೀಬಿಯಾದ ಕೋಲ್ಮನ್‌ಸ್ಕೊಪ್‌ನಲ್ಲಿ 1908ರಲ್ಲಿ ವಜ್ರ ಸಿಕ್ಕಿ ಮರಳುಗಾಡಿನ ನಡುವೆ ಊರೆದ್ದಿತು. 1956ರ ಹೊತ್ತಿಗೆ ಅಲ್ಲಿ ಯಾರೂ ಉಳಿದಿರಲಿಲ್ಲ. ಈಗ ಕೋಣೆಗಳಲ್ಲಿ ಸೊಂಟದೆತ್ತರ ಮರಳು. ಆ ಮರಳಿನ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ಮರಳು ಮೊದಲ ಸಲ ಬಾಗಿಲ ಸಂದಿಯಿಂದ ಬಂದಾಗ ಗುಡಿಸಿದವರು ಯಾರು, ಗುಡಿಸುವುದನ್ನು ನಿಲ್ಲಿಸಿದ್ದು ಯಾವತ್ತು ಎಂದು ಆ ಚಿತ್ರ ನೋಡಿದಾಗಲೆಲ್ಲ ನನ್ನ ಮನಸ್ಸು ಕೇಳುತ್ತದೆ.

ಹೆಚ್ಚಿನ ಹಳ್ಳಿಮನೆಗಳಿಗೆ ಇಂಥ ದೊಡ್ಡ ಕಾರಣಗಳೇನೂ ಇರುವುದಿಲ್ಲ. ಒಬ್ಬ ಮಗ ಪಟ್ಟಣಕ್ಕೆ ಹೋದ, ಶಾಲೆ ಮುಚ್ಚಿತು, ಬಸ್ಸು ನಿಂತಿತು, ಅಜ್ಜಿ ತೀರಿಕೊಂಡರು. 2007ರ ಸುಮಾರಿಗೆ ಜಗತ್ತಿನ ನಗರವಾಸಿಗಳ ಸಂಖ್ಯೆ ಹಳ್ಳಿಗರ ಸಂಖ್ಯೆಯನ್ನು ದಾಟಿತು. ಜಪಾನಿನಲ್ಲಿ 2023ರ ವಸತಿ ಸಮೀಕ್ಷೆ ಲೆಕ್ಕ ಹಾಕಿದ ಖಾಲಿ ಮನೆಗಳು ಸುಮಾರು 90 ಲಕ್ಷ. ಏಳು ಮನೆಗೆ ಹೆಚ್ಚುಕಡಿಮೆ ಒಂದು. ಇಷ್ಟು ಮನೆಗಳಿಗೆ ಇಷ್ಟು ಕೊನೆಯ ರಿಪೇರಿಗಳು.

ಕ್ಯಾಲಿಫೋರ್ನಿಯಾದ ಬೋಡಿ ಎಂಬ ಹಳೆಯ ಚಿನ್ನದ ಗಣಿಯ ಊರನ್ನು 1962ರಲ್ಲಿ ರಾಜ್ಯದ ಐತಿಹಾಸಿಕ ಉದ್ಯಾನವಾಗಿ ಉಳಿಸಿಕೊಂಡಾಗ ವಿಚಿತ್ರವಾದ ನಿಯಮ ಮಾಡಿಕೊಂಡರು. ಹೊಸದಾಗಿ ಕಾಣುವಂತೆ ಮಾಡುವುದೂ ಇಲ್ಲ, ಬೀಳಲು ಬಿಡುವುದೂ ಇಲ್ಲ. ಹೇಗಿತ್ತೋ ಹಾಗೇ ತಡೆದು ನಿಲ್ಲಿಸುವುದು. ಮಾಡು ಸೋರಿದರೆ ಮುಚ್ಚುತ್ತಾರೆ, ಗೋಡೆ ವಾಲಿದರೆ ಊರುಗೋಲು ಕೊಡುತ್ತಾರೆ. ಒಳಗೆ ಮೇಜಿನ ಮೇಲಿನ ಧೂಳು ಹಾಗೇ ಇರುತ್ತದೆ. ಪಾಳಾಗಿ ಕಾಣುವುದಕ್ಕೂ ರಿಪೇರಿ ಬೇಕು ಎಂದು ಓದಿದಾಗ, ನಾನು ಎಲ್ಲೆಲ್ಲೋ ಕಂಡ ಒಂಟಿ ಮನೆಗಳಿಗೆ ಅಂಥ ಒಬ್ಬ ಬಡಗಿ ಸಿಗಬಾರದಿತ್ತೇ ಎನ್ನಿಸಿತು.

ಕೆಲವು ಮಾತು ಹೇಳಲೇಬೇಕು. ಬಿಟ್ಟುಹೋದ ಕಟ್ಟಡ ಎಂದರೆ ಒಡೆಯರಿಲ್ಲದ ಕಟ್ಟಡ ಎಂದಲ್ಲ. ಎಲ್ಲೋ ಯಾರದೋ ಹೆಸರಿನಲ್ಲಿ ಅದು ಇದ್ದೇ ಇರುತ್ತದೆ. ಹತ್ತಿರದ ಮನೆಯ ಬಾಗಿಲು ತಟ್ಟಿ ಕೇಳಿದರೆ ಹೆಚ್ಚಿನವರು ಹೋಗಿ ನೋಡಿ ಎನ್ನುತ್ತಾರೆ, ಜೊತೆಗೆ ಯಾವ ಕೋಣೆಯ ನೆಲ ನಂಬಬಾರದು ಎಂಬುದನ್ನೂ ಹೇಳುತ್ತಾರೆ. ಬೇಡ ಎಂದರೆ ರಸ್ತೆಯಿಂದಲೇ ತೆಗೆದು ಹೊರಡುತ್ತೇನೆ. ಒಬ್ಬನೇ ಒಳಗೆ ಹೋಗುವುದಿಲ್ಲ. ಮರದ ನೆಲದ ಮೇಲೆ ನಡೆಯುವಾಗ ತೊಲೆ ಇರುವ ಗೆರೆಯ ಮೇಲೇ ಕಾಲಿಡುತ್ತೇನೆ. ಮೊಳೆಗಳ ಸಾಲು ಎಲ್ಲಿದೆಯೋ ಅದರ ಕೆಳಗೆ ತೊಲೆ. ಹುಲ್ಲು ಮುಚ್ಚಿದ ಬಾವಿಯ ಭಯ ಎಲ್ಲಕ್ಕಿಂತ ದೊಡ್ಡದು. ಬಾವಲಿಯ ಹಿಕ್ಕೆ ಕೂಡಿದ ಕೋಣೆಯಲ್ಲಿ ಧೂಳೆಬ್ಬಿಸಿದರೆ ಶ್ವಾಸಕೋಶಕ್ಕೆ ಶಿಲೀಂಧ್ರದ ಸೋಂಕು ತಗುಲಬಹುದು, ಮಾಸ್ಕ್ ಇಲ್ಲದೆ ಹೋಗಬಾರದು. ಗೂಬೆ ಮರಿ ಮಾಡಿದ ಕೋಣೆಗೆ ಮಾಸ್ಕ್ ಇದ್ದರೂ ಹೋಗಬಾರದು. ಅದೀಗ ಅವುಗಳ ಮನೆ.

ವಸ್ತುಗಳನ್ನು ಮುಟ್ಟಬಾರದು ಎಂಬುದನ್ನು ನಾನು ತಪ್ಪು ಮಾಡಿ ಕಲಿತೆ. ಮುಚ್ಚಿಹೋದ ಒಂದು ಶಾಲೆಯಲ್ಲಿ ಚಿತ್ರ ಚೆನ್ನಾಗಿ ಬರಲೆಂದು ಗೋಡೆಗೆ ಒತ್ತಿಕೊಂಡಿದ್ದ ಕುರ್ಚಿಯನ್ನು ಎಳೆದು ಕಿಟಕಿಯ ಬೆಳಕಿಗೆ ಇಟ್ಟೆ. ಎತ್ತಿದಾಗ ತಿಳಿಯಿತು, ಆ ಕುರ್ಚಿಗೆ ಮೂರೇ ಕಾಲು. ನಾಲ್ಕನೆಯದರ ಬದಲಿಗೆ ಗೋಡೆಯ ಗಿಲಾಯಿಯಲ್ಲಿ ಒಂದು ಸಣ್ಣ ಗುಣಿ ಕೊರೆದು ಕುರ್ಚಿಯ ಚೌಕಟ್ಟಿನ ಮೂಲೆಯನ್ನು ಅದರಲ್ಲಿ ಸಿಕ್ಕಿಸಿದ್ದರು. ಎಷ್ಟು ವರ್ಷ ಎಷ್ಟು ಮಕ್ಕಳು ಅದರ ಮೇಲೆ ಬೀಳದೆ ಕೂತಿದ್ದರೋ. ಮರಳಿ ಇಡಲು ಹೋದರೆ ನನ್ನಿಂದ ಅದು ಕೂರಲಿಲ್ಲ, ಗಿಲಾಯಿ ಉದುರಿತು. ಆ ಫೋಟೋವನ್ನು ಯಾರಿಗೂ ತೋರಿಸಿಲ್ಲ. ಅಳಿಸಿಯೂ ಇಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಉಗ್ರಾಣದ ಮರದ ಚಿತ್ರವನ್ನು ನಾನು ತೆಗೆದ ವಾರವೇ ಹಂಚಿಕೊಂಡಿದ್ದೆ, ಜಾಗದ ನಕ್ಷೆಯ ಗುರುತಿನ ಸಮೇತ. ಕೇಳಿದವರಿಗೆಲ್ಲ ದಾರಿಯನ್ನೂ ಹೇಳಿದೆ. ಹಳೆಯ ಕದ, ಚೌಕಟ್ಟು, ತೊಲೆಗಳಿಗೆ ಗಿರಾಕಿಗಳಿದ್ದಾರೆ, ಅವರೂ ಇಂಥ ಚಿತ್ರಗಳನ್ನು ನೋಡುತ್ತಾರೆ ಎಂಬುದು ಆಗ ನನ್ನ ತಲೆಗೆ ಹೊಳೆದಿರಲಿಲ್ಲ.

ತೇಪೆ ಕಂಡ ಮೇಲೆ ಮತ್ತೆ ಅಲ್ಲಿಗೆ ಹೋಗಲು ಇನ್ನೂ ನಾಲ್ಕು ವರ್ಷ ಹಿಡಿಯಿತು. ಒಟ್ಟು ಆರು ವರ್ಷ. ಈ ಸಲ ಮರಕ್ಕಾಗಿ ಹೋಗಿರಲಿಲ್ಲ; ಟಾರ್ಚ್, ಹತ್ತಿರದಿಂದ ತೆಗೆಯುವ ಲೆನ್ಸ್, ಅಳತೆಪಟ್ಟಿ ಎಲ್ಲ ಹೊಂದಿಸಿಕೊಂಡು ಹೋಗಿದ್ದೆ. ಕಟ್ಟಡ ನಿಂತಿತ್ತು. ಮರ ಇನ್ನೂ ಎತ್ತರವಾಗಿತ್ತು. ಕದ ಇರಲಿಲ್ಲ. ಕಲ್ಲಿನ ಚೌಕಟ್ಟಿನಲ್ಲಿ ಕೀಲುಗಳನ್ನು ಮೀಟಿ ಕಿತ್ತ ಗಾಯಗಳಿದ್ದವು, ಇನ್ನೂ ಬೆಳ್ಳಗೆ. ನನ್ನಿಂದಲೇ ಹೋಯಿತು ಎನ್ನಲು ನನ್ನ ಬಳಿ ಆಧಾರವಿಲ್ಲ. ನನ್ನಿಂದಲ್ಲ ಎನ್ನಲೂ ಇಲ್ಲ. ಅವತ್ತಿನಿಂದ ಯಾವ ಚಿತ್ರದಲ್ಲೂ ಜಾಗದ ಗುರುತು ಉಳಿಸಿಲ್ಲ. ಫೈಲಿನೊಳಗೆ ಕ್ಯಾಮೆರಾ ತಾನಾಗಿ ಬರೆದುಕೊಳ್ಳುವ ಜಿಪಿಎಸ್ ಅಂಕಿಗಳನ್ನೂ ತೆಗೆದುಹಾಕಿದ ಮೇಲೇ ಹಂಚಿಕೊಳ್ಳುತ್ತೇನೆ.

ಖಾಲಿ ಚೌಕಟ್ಟಿನ ಮುಂದೆ ನಿಂತಿದ್ದಾಗ ಹೊಲದ ಕಡೆಯಿಂದ ವಯಸ್ಸಾದವರೊಬ್ಬರು ಬಂದರು. ಕೈಯಲ್ಲಿ ಕುಡುಗೋಲು. ಏನು ಬೇಕಿತ್ತು ಎಂದರು. ಹೇಳಿದೆ. ಆರು ವರ್ಷದ ಹಿಂದೆ ಬಂದಿದ್ದೆ ಎಂದೆ, ಕದದ ಬಗ್ಗೆ ಕೇಳಿದೆ, ಜಾಗದ ಗುರುತು ಹಾಕಿದ್ದನ್ನೂ ಹೇಳಿದೆ. ಅವರು ಕುಡುಗೋಲನ್ನು ಗೋಡೆಗೆ ಒರಗಿಸಿದರು. ಏನೂ ಅನ್ನಲಿಲ್ಲ. ಆಮೇಲೆ, ಫೋಟೋ ಇದೆಯಾ ಎಂದು ಕೇಳಿದರು.

ಮೊಬೈಲಿನಲ್ಲಿ ಇತ್ತು. ಮೊದಲು ಮರದ ಚಿತ್ರ ತೋರಿಸಿದೆ. ಅವರು ಅದನ್ನು ನೋಡಲಿಲ್ಲ ಎಂದೇ ಹೇಳಬೇಕು, ಮರ ಅಲ್ಲೇ ಎದುರಿಗಿತ್ತು. ಆ ವಾಲಿದ ಫ್ರೇಮ್ ತೆರೆದು, ಮೂಲೆಯನ್ನು ದೊಡ್ಡದು ಮಾಡಿ ಕೊಟ್ಟೆ. ಕನ್ನಡಕ ಹುಡುಕಿ ಹಾಕಿಕೊಂಡರು. ಬಿಸಿಲಿಗೆ ಬೆನ್ನು ಮಾಡಿ ನಿಂತು, ಮೊಬೈಲನ್ನು ಎದೆಗೆ ಹತ್ತಿರ ಹಿಡಿದು, ಒಂದು ಬೆರಳನ್ನು ತೇಪೆಯ ಅಂಚಿನುದ್ದಕ್ಕೂ ಮೆಲ್ಲಗೆ ಸರಿಸತೊಡಗಿದರು. ಪರದೆ ಬೆರಳಿನ ಜೊತೆಗೇ ಸರಿದುಹೋಗುತ್ತಿತ್ತು. ನಾನು ಮತ್ತೆ ಮತ್ತೆ ಸರಿ ಮಾಡಿಕೊಟ್ಟೆ. ಅವರ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಾರೆ ಎಂದು ತಡವಾಗಿ ತಿಳಿಯಿತು.

ಕೆಳಗಿನ ಅಂಚಿಗೆ ಬಂದು ಬೆರಳು ನಿಂತಿತು.

"ಇಲ್ಲೊಂದು ಮೊಳೆ ಬಿಟ್ಟಿದ್ದೀನಿ," ಎಂದರು.

ಬಗ್ಗಿ ನೋಡಿದೆ. ಆ ಚಿತ್ರವನ್ನು ನೂರು ಸಲವಾದರೂ ನೋಡಿದ್ದೆ, ಅಳತೆ ಹಿಡಿದು ಹೊಡೆದ ಹಾಗಿದೆ ಎಂದು ಎಷ್ಟೋ ಜನಕ್ಕೆ ಹೇಳಿದ್ದೆ. ಕೆಳಗಿನ ಸಾಲಿನಲ್ಲಿ, ಬಲಗಡೆಯಿಂದ ಮೂರನೆಯ ಜಾಗ ಖಾಲಿಯಿತ್ತು. ಮೊಳೆ ಹೊಡೆಯಲು ಗುರುತು ಮಾಡಿದ ಸಣ್ಣ ಚುಕ್ಕೆ ಮಾತ್ರ ತಗಡಿನ ಮೇಲಿತ್ತು.

"ಕತ್ತಲಾಗಿಬಿಟ್ಟಿತ್ತು," ಎಂದರು. ಮೊಬೈಲನ್ನು ಮರಳಿ ಕೊಡಲಿಲ್ಲ, ಇನ್ನೂ ಅದನ್ನೇ ನೋಡುತ್ತಿದ್ದರು. "ನಾಳೆ ಹೊಡೆದರಾಯ್ತು ಅಂತ ಎದ್ದೆ."